ಮೊದಲು ಕೇಳಬೇಕಾದ್ದು "ಎಲ್ಲಿ?": ಅರ್ಜಿ ಬರೆಯುವವನ ಅನುಭವ

ತಾಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಮೊದಲು ಕೈಬರಹ, ಆಮೇಲೆ ಟೈಪಿಂಗ್, ಈಗ ಕಂಪ್ಯೂಟರು, ಪ್ರಿಂಟರು. ಪಹಣಿ, ಪಿಂಚಣಿ, ಜಾತಿ-ಆದಾಯ ಎಲ್ಲದಕ್ಕೂ ಜನ ಬರುತ್ತಾರೆ. ಆದರೆ ಜಾಸ್ತಿ ಅಲೆದಾಡುವುದು ಜನನ, ಮರಣ, ಮದುವೆ, ವಿಚ್ಛೇದನದ ಕಾಗದಗಳಿಗೆ. ಅಲೆದು ಸುಸ್ತಾದವರು ಕಚೇರಿಯವರನ್ನು ಬೈಯುತ್ತಾರೆ. ಕೆಲವು ಸಲ ಬೈಯಬೇಕಾದ್ದೇ. ಆದರೆ ಎಷ್ಟೋ ಸಲ ಅವರು ನಿಂತಿರುವ ಬಾಗಿಲೇ ಬೇರೆ, ಕಾಗದ ಇರುವ ಬಾಗಿಲೇ ಬೇರೆ.

ಒಬ್ಬ ಹುಡುಗ ಬಂದಿದ್ದ. "ಅಣ್ಣಾ, ನನ್ನ ಬರ್ತ್ ಸರ್ಟಿಫಿಕೇಟ್ ಬೇಕು. ಒಳಗಡೆ ರೆಕಾರ್ಡೇ ಇಲ್ಲ ಅಂತಾರೆ."

"ಎಲ್ಲಿ ಹುಟ್ಟಿದ್ದಪ್ಪಾ?"

"ಇಲ್ಲೇ, ನಮ್ಮೂರಲ್ಲೇ."

"ಅಮ್ಮನಿಗೆ ಫೋನ್ ಹಾಕು."

ಆ ತಾಯಿ ಹೇಳಿದ್ದು ಬೇರೆ ಕಥೆ. "ಚೊಚ್ಚಲ ಬಾಣಂತನ ಅಲ್ವಾ, ತವರಿಗೆ ಹೋಗಿದ್ದೆ. ಹೆರಿಗೆ ಕಷ್ಟ ಆಗ್ತದೆ ಅಂತ ಕೊನೇ ಗಳಿಗೆಯಲ್ಲಿ ದಾವಣಗೆರೆಗೆ ಕರ್ಕೊಂಡು ಹೋದ್ರು." ಅಂದರೆ ಅವನ ಹೆಸರಿನ ದಾಖಲೆ ಅಪ್ಪನ ಊರಲ್ಲೂ ಇಲ್ಲ, ಅಜ್ಜಿ ಊರಲ್ಲೂ ಇಲ್ಲ. ಅದು ಇರುವುದು ದಾವಣಗೆರೆ ನಗರದ ರಿಜಿಸ್ಟರಿನಲ್ಲಿ.

1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುವುದು ಇಷ್ಟೇ: ಘಟನೆ ಎಲ್ಲಿ ನಡೆಯಿತೋ ಅಲ್ಲೇ ನೋಂದಣಿ. ರೇಷನ್ ಕಾರ್ಡ್ ಯಾವ ಊರಿನದು, ಆಧಾರ್ ವಿಳಾಸ ಯಾವುದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಮೊದಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಅದಕ್ಕೇ ದೊಡ್ಡ ಮಗನ ದಾಖಲೆ ಒಂದು ಜಿಲ್ಲೆಯಲ್ಲಿ, ಚಿಕ್ಕವನದು ಇನ್ನೊಂದು ಜಿಲ್ಲೆಯಲ್ಲಿ ಸಿಗುತ್ತದೆ. ಅರ್ಜಿ ಬರೆಯುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳದೆ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಅಪ್ಪಂದಿರನ್ನು ಕೇಳಿ ಪ್ರಯೋಜನ ಕಡಿಮೆ, ಅವರಿಗೆ ಆಸ್ಪತ್ರೆಯ ಬಿಲ್ಲು ನೆನಪಿರುತ್ತದೆ, ತಾರೀಖು ನೆನಪಿರುವುದಿಲ್ಲ.

ಊರು ಗೊತ್ತಾಯಿತು ಅಂದ್ಕೊಳ್ಳಿ. ಮುಂದಿನ ಕಷ್ಟ ಹೆಸರಿನದು. ಹಳೇ ಜನನ ರಿಜಿಸ್ಟರನ್ನು ಕೈಯಲ್ಲಿ ಹಿಡಿದವರು ಕಡಿಮೆ. ಬಟ್ಟೆ ಗಂಟು ಬಿಚ್ಚಿದರೆ ಅಂಚು ಪುಡಿಯಾಗುವ ಉದ್ದ ಹಾಳೆ. ಕ್ರಮ ಸಂಖ್ಯೆ, ಹುಟ್ಟಿದ ತಾರೀಖು, ಬರೆಸಿದ ತಾರೀಖು, ಗಂಡು ಅಥವಾ ಹೆಣ್ಣು, ತಂದೆ ಹೆಸರು, ತಾಯಿ ಹೆಸರು, ವಿಳಾಸ. ಮಗುವಿನ ಹೆಸರಿನ ಜಾಗ ಖಾಲಿ. ಯಾಕೆ ಅಂದರೆ ಹುಟ್ಟಿದ 21 ದಿನದೊಳಗೆ ಬರೆಸಬೇಕು, ನಮ್ಮಲ್ಲಿ ನಾಮಕರಣ ಎಷ್ಟೋ ಸಲ ಅದಾದ ಮೇಲೆ. ಹೀಗಾಗಿ "ಮಂಜುನಾಥ ಅಂತ ಹುಡುಕಿ ಸರ್" ಎಂದರೆ ಗುಮಾಸ್ತರು ಇಲ್ಲ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಮಂಜುನಾಥ ಅಲ್ಲಿ ನಿಜಕ್ಕೂ ಇಲ್ಲ. ಅಲ್ಲಿರುವುದು ಬಸಪ್ಪ ಮತ್ತು ಗೌರಮ್ಮನವರ ಗಂಡು ಮಗು. ಅರ್ಜಿಯಲ್ಲಿ ತಂದೆ-ತಾಯಿ ಹೆಸರು, ಆಗಿನ ವಿಳಾಸ, ಆಸ್ಪತ್ರೆ ಹೆಸರು ದಪ್ಪಗೆ ಬರೆಯಿರಿ. ನಿಮ್ಮ ಹೆಸರು ಆಮೇಲೆ.

ತಾರೀಖಿನದು ಇನ್ನೂ ತಮಾಷೆ. ನಮ್ಮ ವಯಸ್ಸಿನವರ ಶಾಲಾ ದಾಖಲೆ ತೆಗೆದರೆ ಅರ್ಧ ಊರು ಜೂನ್ 1ನೇ ತಾರೀಖು ಹುಟ್ಟಿದೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖು ಅದು. ಅದನ್ನೇ ಹಿಡಿದು ರಿಜಿಸ್ಟರ್ ತಿರುವಿದರೆ ಏನೂ ಸಿಗುವುದಿಲ್ಲ. ನಾನು ತಾಯಿಯನ್ನು ಕೇಳುವುದು ಹಬ್ಬ. "ಕಾರಹುಣ್ಣಿಮೆ ಮುಗಿದ ಮೂರನೇ ದಿನ", "ಗೌರಿ ಹಬ್ಬಕ್ಕೆ ಮುಂಚೆ, ಮಳೆ ಹಿಡ್ಕೊಂಡಿತ್ತು" ಎಂದು ಹೇಳುತ್ತಾರೆ. ಹಳೇ ಪಂಚಾಂಗ ನೋಡಿದರೆ ಆ ವರ್ಷದ ತಾರೀಖು ಹೊರಬೀಳುತ್ತದೆ. ಅದರ ಹಿಂದೆ ಮುಂದೆ ಒಂದೆರಡು ತಿಂಗಳು ಹುಡುಕಲು ಅರ್ಜಿ ಕೊಡಿಸುತ್ತೇನೆ. ಕಾಯ್ದೆಯ 17ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಹುಡುಕಿಸುವ ಹಕ್ಕು ಯಾರಿಗಾದರೂ ಇದೆ. ಬೇಡಿಕೊಳ್ಳುವ ವಿಷಯ ಅಲ್ಲ ಇದು.

ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಸಿಗಲಿಲ್ಲ ಅಂದರೆ ದಾಖಲೆ ಇಲ್ಲ ಅಂತ ಅಲ್ಲ. ಜನನ ಮರಣ ದಾಖಲೆಯ ಇ-ಜನ್ಮ ತಂತ್ರಾಂಶದಲ್ಲಿ ಈಚಿನವು ಸುಲಭವಾಗಿ ಸಿಗುತ್ತವೆ, ಹಳೆಯವಕ್ಕೆ ಪುಸ್ತಕ ತೆಗೆಯಲೇಬೇಕು. ಹಳ್ಳಿಯ ಹಳೇ ರಿಜಿಸ್ಟರುಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಬಂದಿರುತ್ತವೆ, ಪಟ್ಟಣದವು ಪುರಸಭೆ, ನಗರಸಭೆ, ಪಾಲಿಕೆಗಳಲ್ಲಿ ಇರುತ್ತವೆ. "ಸಿಸ್ಟಮ್‌ನಲ್ಲಿ ಬರ್ತಿಲ್ಲ" ಎಂದರೆ "ಪುಸ್ತಕ ನೋಡಿ ಸರ್" ಎಂದು ಮೆತ್ತಗೆ, ಬರವಣಿಗೆಯಲ್ಲಿ ಕೇಳಿ. ಪುಸ್ತಕದಲ್ಲೂ ಇಲ್ಲದಿದ್ದರೆ, ಇಲ್ಲ ಎಂದು ಬರೆದುಕೊಡಲಿ. ಅದಕ್ಕೂ ಒಂದು ನಮೂನೆ ಇದೆ, ನಮೂನೆ 10. ಬಾಯಿಮಾತಿನ "ಇಲ್ಲ" ನಿಮಗೆ ಎಲ್ಲೂ ಕೆಲಸಕ್ಕೆ ಬರುವುದಿಲ್ಲ, ಈ ಕಾಗದ ಬರುತ್ತದೆ. ಮಕ್ಕಳು ಅಮೆರಿಕದಲ್ಲಿದ್ದು, ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವವರು ಹೆಚ್ಚಾಗಿ ಕೇಳುವುದು ಇದನ್ನೇ. ಬಹುತೇಕ ರಾಜ್ಯಗಳಲ್ಲಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚೆ ಹುಟ್ಟಿದವರ ದಾಖಲೆ ಸಿಕ್ಕರೆ ಪುಣ್ಯ. ಸಿಗದಿದ್ದರೆ ನಮೂನೆ 10, ಶಾಲೆಯ ಟಿಸಿ, ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್.

ಹೆಸರು ಖಾಲಿ ಇದ್ದರೆ ಸೇರಿಸಬಹುದು. ನೋಂದಣಿಯಾದ ಒಂದು ವರ್ಷದೊಳಗೆ ಉಚಿತ, ಆಮೇಲೆ 15 ವರ್ಷದವರೆಗೆ ತಡ ಶುಲ್ಕದ ಮೇಲೆ. ಶಾಲೆಗೆ ಸೇರಿಸುವಾಗಲೇ ಮಾಡಿಸಿಕೊಳ್ಳಿ ಎಂದು ನಾನು ಎಲ್ಲ ಎಳೇ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹೇಳುತ್ತಿರುತ್ತೇನೆ. ತಪ್ಪು ತಿದ್ದುಪಡಿಯೂ ಆಗುತ್ತದೆ, ಆದರೆ ರಬ್ಬರಿನಿಂದ ಅಳಿಸಿದ ಹಾಗಲ್ಲ. ಮೂಲ ಬರಹ ಹಾಗೇ ಉಳಿಯುತ್ತದೆ, ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ನೋಂದಣಾಧಿಕಾರಿ ತಾರೀಖು ಹಾಕಿ ಸಹಿ ಮಾಡುತ್ತಾರೆ. ಬರೆಯುವಾಗ ಆದ ತಪ್ಪಿಗೆ ಮಾತ್ರ ಇದು. ದೊಡ್ಡವರಾದ ಮೇಲೆ ಸಂಖ್ಯಾಶಾಸ್ತ್ರ ನೋಡಿ ಹೆಸರು ಬದಲಾಯಿಸಿಕೊಂಡೆ, ಅದನ್ನೂ ಸೇರಿಸಿ ಎಂದರೆ ಆಗುವುದಿಲ್ಲ.

2023ರ ಅಕ್ಟೋಬರ್ 1ರಿಂದ ಆಟದ ನಿಯಮ ಬದಲಾಗಿದೆ. ಆ ದಿನ ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ತಾರೀಖಿನ ಪುರಾವೆ ಜನನ ಪ್ರಮಾಣಪತ್ರ ಒಂದೇ. ಜೂನ್ 1ರ ಮೇಷ್ಟ್ರ ಆಟ ಇನ್ನು ನಡೆಯುವುದಿಲ್ಲ.

ಮರಣದ ಕಾಗದಕ್ಕೆ ಬರುವವರು ಹೆಚ್ಚಾಗಿ ಪೌತಿ ಖಾತೆಯವರು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವವರು. ಅಜ್ಜನ ಹೆಸರಿನಲ್ಲಿ ಜಮೀನಿದೆ, ಅಜ್ಜ ತೀರಿ ಮೂವತ್ತು ನಲವತ್ತು ವರ್ಷ ಆಗಿದೆ, ಮರಣವನ್ನು ಯಾರೂ ಬರೆಸಿಲ್ಲ. ಆಗ ಅದು ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ತಿಥಿ ಪ್ರತಿ ವರ್ಷ ತಪ್ಪದೆ ಮಾಡಿದ್ದಾರೆ, ಇಸವಿ ಮಾತ್ರ ಗೊತ್ತಿಲ್ಲ. ಇಲ್ಲೂ ಮೊದಲ ಪ್ರಶ್ನೆ ಅದೇ. ಎಲ್ಲಿ ತೀರಿಕೊಂಡರು? ಮನೆಯಲ್ಲೋ, ಜಿಲ್ಲಾಸ್ಪತ್ರೆಯಲ್ಲೋ, ಮಗಳ ಊರಲ್ಲೋ? ಮಣ್ಣು ಮಾಡಿದ ಊರು ಲೆಕ್ಕಕ್ಕಿಲ್ಲ. ಗಾಡಿಯಲ್ಲಿ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಪ್ರಾಣ ಹೋದರೆ, ಗಾಡಿ ಮೊದಲು ನಿಂತ ಜಾಗದಲ್ಲಿ ಬರೆಸಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಒಂದು ವರ್ಷ ದಾಟಿದ ಮೇಲೆ ಬರೆಸುವುದಾದರೆ ಮೊದಲು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆದ ಮೇಲೆ ಕಾಯ್ದೆಯಲ್ಲಿ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಕೈಗೆ ಬಂದಿದೆ. ಹಳೇ ಅನುಭವದ ಮೇಲೆ ನೇರ ವಕೀಲರ ಹತ್ತಿರ ಓಡುವ ಮೊದಲು ನಿಮ್ಮ ತಾಲೂಕಿನಲ್ಲಿ ಯಾರ ಮುಂದೆ ಹೋಗಬೇಕು ಎಂದು ಕೇಳಿಕೊಳ್ಳಿ. ಆದೇಶ ಕೊಡುವವರು ಸಾವು ನಿಜವಾಗಿ ಆಗಿದೆಯೇ ಎಂದು ನೋಡುತ್ತಾರೆ. ಹಾಗಾಗಿ ತಿಥಿ ಕಾರ್ಡು, ಗೋರಿ ಮೇಲಿನ ಬರಹದ ಫೋಟೋ, ಅಕ್ಕಪಕ್ಕದ ಹಿರಿಯರ ಹೇಳಿಕೆ ಇವನ್ನೆಲ್ಲ ಜೊತೆಗಿಡುತ್ತೇನೆ.

ವಿಮೆ ಹಣಕ್ಕೆ ಬರುವವರು ಇನ್ನೊಂದು ಕೇಳುತ್ತಾರೆ: "ಸರ್ಟಿಫಿಕೇಟ್‌ನಲ್ಲಿ ಹಾರ್ಟ್ ಅಟ್ಯಾಕ್ ಅಂತ ಹಾಕಿಸಿ." ಹಾಕಲು ಬರುವುದಿಲ್ಲ. ಮರಣದ ನಕಲಿನಲ್ಲಿ ಸಾವಿನ ಕಾರಣ ಕಾಣಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಕಾರಣ ಬೇಕಾದರೆ ಡಾಕ್ಟರು ಕೊಡುವ ಪ್ರಮಾಣಪತ್ರ ಬೇರೆ ಇದೆ. ಅದನ್ನು ಆಸ್ಪತ್ರೆಯಿಂದಲೇ ಆ ದಿನವೇ ತೆಗೆದುಕೊಳ್ಳಿ.

ಮದುವೆ ವಿಷಯದಲ್ಲಿ ಹೇಳುವುದು ಸ್ವಲ್ಪ. ದೇವಸ್ಥಾನದ ರಸೀದಿ, ಛತ್ರದ ಬಿಲ್ಲು, ಮದುವೆ ಕಾರ್ಡು ಇವೆಲ್ಲ ಪುರಾವೆ, ಪ್ರಮಾಣಪತ್ರ ಅಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಿದ್ದರೆ ಮಾತ್ರ ಅದರ ನಕಲು. ಆಗಿಲ್ಲದಿದ್ದರೆ ನಕಲು ಎಲ್ಲಿಂದ ಬರಬೇಕು? ಮೊದಲು ನೋಂದಣಿ. ಹಿಂದೂ ವಿವಾಹಗಳಿಗೆ ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು, ನನ್ನ ಹತ್ತಿರ ಬರುವುದೂ ಬೇಡ. (ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಂಡೆ, ಇರಲಿ.) ಯಾವ ಕಚೇರಿ, ಯಾವ ವರ್ಷ, ನೋಂದಣಿ ಸಂಖ್ಯೆ ಎಷ್ಟು, ಇಷ್ಟಿದ್ದರೆ ನಕಲು ಸುಲಭ.

ವಿಚ್ಛೇದನದ್ದು ಹಾಗಲ್ಲ. "ಡೈವೋರ್ಸ್ ಸರ್ಟಿಫಿಕೇಟ್ ಎಲ್ಲಿ ಕೊಡ್ತಾರೆ?" ಎಂದು ಕೇಳಿಕೊಂಡು ಬರುತ್ತಾರೆ. ಅಂಥ ಪ್ರಮಾಣಪತ್ರ ಕೊಡುವ ಇಲಾಖೆಯೇ ಇಲ್ಲ. ವಿಚ್ಛೇದನ ಆಯಿತು ಎಂದು ಕೋರ್ಟು ಕೊಡುವ ಆದೇಶ, ಅಂದರೆ ಡಿಕ್ರಿ, ಅದೇ ಕಾಗದ. ಒಬ್ಬ ಅಕ್ಕ ಕೈಚೀಲದಿಂದ ನಾಲ್ಕಾಗಿ ಮಡಚಿದ ಛಾಪಾ ಕಾಗದ ತೆಗೆದರು. ಮಡಿಕೆ ಬಿದ್ದ ಕಡೆ ಶಾಯಿ ಹೋಗಿತ್ತು. ಊರ ಹಿರಿಯರ ಸಹಿ, ಎರಡು ಹೆಬ್ಬೆಟ್ಟು, ಕೆಳಗೆ "ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿಲ್ಲ." ಮತ್ತೊಂದು ಮದುವೆಯ ನೋಂದಣಿಗೆ ಇದು ಸಾಕಾಗುತ್ತಾ ಎಂದು ಕೇಳಿದರು. ಸಾಕಾಗುವುದಿಲ್ಲ ಅಕ್ಕಾ ಎಂದು ಹೇಳುವುದು ಕಷ್ಟದ ಕೆಲಸ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ರೂಢಿಗೆ ಹಿಂದೂ ವಿವಾಹ ಕಾಯ್ದೆ ಜಾಗ ಬಿಟ್ಟಿದೆ, ಆದರೆ ಆ ರೂಢಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಅವರನ್ನು ವಕೀಲರ ಹತ್ತಿರ ಕಳಿಸಿದೆ, ಅರ್ಜಿ ಬರೆಯಲಿಲ್ಲ, ದುಡ್ಡೂ ತೆಗೆದುಕೊಳ್ಳಲಿಲ್ಲ.

ಡಿಕ್ರಿ ಇದ್ದವರಿಗೆ ದಾರಿ ನೇರ. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನವಾದರೆ ಇಬ್ಬರಿಗೂ ಡಿಕ್ರಿಯ ಒಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದಿದೆ. ಅದನ್ನು ಕಳೆದುಕೊಂಡವರು ತೀರ್ಪು ಕೊಟ್ಟ ಕೋರ್ಟಿನ ನಕಲು ವಿಭಾಗಕ್ಕೆ ಹೋಗಬೇಕು. ಕೌಟುಂಬಿಕ ನ್ಯಾಯಾಲಯ ಇಲ್ಲದ ತಾಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಬೇಕಾದ್ದು ಎಂಸಿ (ವೈವಾಹಿಕ ಪ್ರಕರಣ) ನಂಬರು ಮತ್ತು ವರ್ಷ. ನಂಬರು ಮರೆತಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ, ತೀರಾ ಹಳೆಯದಾದರೆ ಆಗಿನ ವಕೀಲರ ಡೈರಿಯೇ ಗತಿ. ಡಿಕ್ರಿ ಜೊತೆ ತೀರ್ಪಿನ ನಕಲನ್ನೂ ಒಂದೇ ಸಲಕ್ಕೆ ಕೇಳಿ. ಒಂದೇ ತಂದರೆ ಇನ್ನೊಂದಕ್ಕೆ ಮತ್ತೆ ಬರಬೇಕಾಗುತ್ತದೆ.

ವಿದೇಶಕ್ಕೆ ಕಾಗದ ಕಳಿಸುವವರು ಆತುರದಲ್ಲಿ ಮೊದಲು ಅಪೊಸ್ಟಿಲ್‌ಗೆ ಓಡುತ್ತಾರೆ. ತಡೆಯಿರಿ. ಅಪೊಸ್ಟಿಲ್ ಅಂದರೆ ನಮ್ಮ ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ಮುದ್ರೆ. ಅದನ್ನು ಹಾಕುವುದು ವಿದೇಶಾಂಗ ಸಚಿವಾಲಯ, ಅದೂ ಆ ಮುದ್ರೆ ಒಪ್ಪುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಮಾತ್ರ. ಭಾರತ 2005ರಲ್ಲಿ ಸೇರಿತು. ದುಬೈ ಕೆಲಸಕ್ಕೆ ಹೋಗುವವರಿಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕಾಗುತ್ತದೆ. ಅದಕ್ಕೂ ಮುಂಚೆ ಪಾಸ್‌ಪೋರ್ಟಿನ ಹೆಸರು, ಅಪ್ಪನ ಇನಿಷಿಯಲ್, ಹುಟ್ಟಿದ ಊರು ಇವನ್ನು ಜನನ ಪ್ರಮಾಣಪತ್ರದ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ, ಎರಡನ್ನೂ ಓದಿ. ಕನ್ನಡದಲ್ಲಿ "ಶಿವಕುಮಾರ" ಸರಿ ಇದ್ದು, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ಸಿಕ್ಕಿಹಾಕಿಕೊಂಡವರು ಬಹಳ ಜನ. ಮುದ್ರೆ ಬಿದ್ದ ಮೇಲೆ ತಿದ್ದಿಸಿದರೆ ಹೊಸ ಪ್ರತಿಗೆ ಮತ್ತೆ ಮುದ್ರೆ, ಮತ್ತೆ ದುಡ್ಡು. ಕಾಗದ ಸ್ಕ್ಯಾನ್ ಮಾಡಿ, ಅದನ್ನು ಕೇಳಿದ ವಿದೇಶದ ಕಚೇರಿಗೆ ಒಮ್ಮೆ ಮೇಲ್ ಹಾಕಿ, ಇದು ಆಗುತ್ತಾ ಎಂದು ಕೇಳಿ, ಅವರು ಹೂಂ ಅಂದ ಮೇಲೆ ಮುದ್ರೆಗೆ ಕಳಿಸಿ.