ರೆಟಿಕ್ಯುಲಿನ್ ಕಾಣಲಿಲ್ಲ ಅಂದ ಮಾತ್ರಕ್ಕೆ

12 ನವೆಂಬರ್ 2024, ಮಂಗಳವಾರ

ಸಿರೋಸಿಸ್ ಆದ, ಅಂದ್ರೆ ನಾರುಗಟ್ಟಿದ ಲಿವರ್, ಅದರೊಳಗೊಂದು ಗಂಟು. ಸೂಜಿ ಬಯಾಪ್ಸಿ. ಸಿಲ್ವರ್ ಸ್ಟೇನ್‌ನಲ್ಲಿ ರೆಟಿಕ್ಯುಲಿನ್, ಅಂದ್ರೆ ಕೋಶಗಳ ಸಾಲನ್ನು ಹಿಡಿದಿಡೋ ಸಣ್ಣ ನಾರಿನ ಬಲೆ, ಕಪ್ಪು ಎಳೆಗಳಾಗಿ ಕಾಣಬೇಕು; ಅದರ ಸುಳಿವೇ ಇಲ್ಲ.

"ರೆಟಿಕ್ಯುಲಿನ್ ಹೋಗಿದೆ ಮೇಡಂ, ಕ್ಯಾನ್ಸರ್ ಅಂತ ಬರೆದುಬಿಡ್ಲಾ?" ಪಿ.ಜಿ. ಓದೋ ಹುಡುಗಿಗೆ ಅವಸರ.

"ಗಂಟಿನ ಹೊರಗೆ ಹೇಗಿದೆ ನೋಡು."

ಅಲ್ಲೂ ಮಾಸಲು. ನಾರಿನ ಪಟ್ಟಿಗಳೇ ಸರಿಯಾಗಿ ಬಣ್ಣ ಹಿಡಿದಿಲ್ಲ ಅಂದ್ಮೇಲೆ ಗಂಟಿನೊಳಗಿನ ಖಾಲಿಗೆ ಏನು ಬೆಲೆ?

ಅನುಮಾನ ಸ್ಟೇನ್ ದ್ರಾವಣದ ಅಮೋನಿಯಾ ಮೇಲೆ. ಗಾರ್ಡನ್-ಸ್ವೀಟ್ಸ್ ಅನ್ನೋ ಈ ಸ್ಟೇನ್ ವಿಧಾನದಲ್ಲಿ 10% ಸಿಲ್ವರ್ ನೈಟ್ರೇಟ್ 5 ಎಂ.ಎಲ್.ಗೆ ಹನಿಹನಿಯಾಗಿ ಅಮೋನಿಯಾ ಬಿಡಬೇಕು, ಗಸಿ ಕರಗುವಷ್ಟೇ. ಆಮೇಲೆ 3% ಸೋಡಿಯಂ ಹೈಡ್ರಾಕ್ಸೈಡ್ 5 ಎಂ.ಎಲ್., ಮತ್ತೆ ಗಸಿ, ಮತ್ತೆ ಹನಿಹನಿ, ಕೊನೆಗೆ 50ಕ್ಕೆ ನೀರು. ಎರಡು ಹನಿ ಹೆಚ್ಚಾದರೂ ಸಣ್ಣ ಎಳೆಗಳು ಮಾಯ. ಗಾಜು ಕೊಳೆಯಾಗಿದ್ದರೆ ಉಲ್ಟಾ, ಸ್ಲೈಡ್ ತುಂಬ ಕಪ್ಪು ಪುಡಿ. ಉಳಿದ ದ್ರಾವಣವನ್ನು ಎತ್ತಿಡೋದಂತೂ ಬೇಡವೇ ಬೇಡ, ಒಣಗಿದರೆ ಸಿಡಿಯುತ್ತೆ. ಉಪ್ಪು ನೀರು ಹಾಕಿ ಆಗಲೇ ಕೆಡಿಸಿಬಿಡಬೇಕು.

ಬಣ್ಣ ಸರಿಯಾಗಿ ಬಂದರೂ ಅಷ್ಟಕ್ಕೇ ನಂಬೋಹಾಗಿಲ್ಲ. ಡಿಸ್‌ಪ್ಲಾಸ್ಟಿಕ್ (ಕ್ಯಾನ್ಸರ್‌ಗೆ ಮುಂಚಿನ ಹಂತದ) ಗಂಟಿನಲ್ಲಿ ಬಲೆ ಹೆಚ್ಚುಕಡಿಮೆ ಉಳಿದಿರುತ್ತೆ. ಕ್ಯಾನ್ಸರ್‌ನಲ್ಲಿ ಹರಿದು, ಜೀವಕೋಶದ ಸಾಲು ಮೂರು ಕೋಶಕ್ಕಿಂತ ದಪ್ಪ ಆಗುತ್ತೆ. ಆದರೆ ಶುರುವಿನ ಕ್ಯಾನ್ಸರ್ ಎಷ್ಟೋ ಸಲ ಬಲೆಯನ್ನು ಉಳಿಸಿಕೊಂಡೇ ಮೋಸ ಮಾಡುತ್ತೆ. ಬರೀ ಕೊಬ್ಬು ತುಂಬಿದ ಲಿವರ್, ಕ್ಯಾನ್ಸರ್ ಏನೂ ಇಲ್ಲದೆಯೂ, ಅಲ್ಲಲ್ಲಿ ಬಲೆ ಕಳಕೊಂಡು ಹೆದರಿಸುತ್ತೆ.

ವಿಚಿತ್ರ ಅಂದ್ರೆ, ರೆಟಿಕ್ಯುಲಿನ್ ಹೋಗೋ ಗಂಟಲ್ಲೇ ಸೈನುಸಾಯ್ಡ್‌ಗಳಿಗೆ (ಲಿವರ್ ಕೋಶಗಳ ನಡುವಿನ, ರಂಧ್ರವಿರೋ ಸಣ್ಣ ರಕ್ತನಾಳಗಳಿಗೆ) ಲ್ಯಾಮಿನಿನ್, 4ನೇ ಬಗೆಯ ಕೊಲಾಜನ್ ಅನ್ನೋ ಪ್ರೊಟೀನ್‌ಗಳು ಬಂದು ಕೂರುತ್ತವೆ. ರಂಧ್ರ ಮುಚ್ಚಿ ಮಾಮೂಲಿ ಕ್ಯಾಪಿಲರಿ ಥರ ಆಗ್ತವೆ. ರಕ್ತನಾಳದ ಒಳಪದರ ತೋರಿಸೋ ಸಿಡಿ34 ಸ್ಟೇನ್ ಗಂಟಿನ ತುಂಬ ಹರಡಿ ಹತ್ತೋದು ಅದಕ್ಕೇ. ಸಿರೋಸಿಸ್‌ನಲ್ಲಿ ಪಟ್ಟಿಯ ಅಂಚಿಗೆ ಮಾತ್ರ ಹತ್ತೋದೂ ಉಂಟು, ಆ ವ್ಯತ್ಯಾಸ ನೋಡಬೇಕು.

ನಾರಿನೊಳಗೆ ಕೋಶ ನುಗ್ಗಿದೆಯೋ ಇಲ್ಲವೋ ಅನ್ನೋದಕ್ಕೆ ಪಿತ್ತನಾಳ ತೋರಿಸೋ ಸಿಕೆ7 ಸ್ಟೇನ್. ಗಂಟಿನ ಅಂಚಲ್ಲಿ ಸಣ್ಣ ಪಿತ್ತನಾಳಗಳ ಸಾಲು ಇದ್ದರೆ ಸಮಾಧಾನ; ನುಗ್ಗಿದ ಜಾಗದಲ್ಲಿ ಅದು ಇರಲ್ಲ. ಗ್ಲಿಪಿಕಾನ್-3, ಎಚ್‌ಎಸ್‌ಪಿ70, ಗ್ಲುಟಮಿನ್ ಸಿಂಥಟೇಸ್, ಈ ಮೂರು ಪ್ರೊಟೀನ್‌ಗಳ ಸ್ಟೇನ್‌ನಲ್ಲಿ ಎರಡು ಹತ್ತಿದರೆ ಮಾತ್ರ ಕ್ಯಾನ್ಸರ್ ಅಂತ ಧೈರ್ಯವಾಗಿ ಬರೆಯಬಹುದು.

ಬ್ಲಾಕ್‌ನಲ್ಲಿ (ಬಯಾಪ್ಸಿ ತುಂಡು ಹುದುಗಿಸಿದ ಮೇಣದ ಗಟ್ಟಿಯಲ್ಲಿ) ಉಳಿದಿರೋದು ಎಷ್ಟು ಅನ್ನೋದೇ ಈಗಿನ ತಲೆನೋವು. ಮತ್ತೆ ಮತ್ತೆ ಟ್ರಿಮ್ ಮಾಡಿದರೆ ಗಂಟೇ ಮುಗಿದುಹೋಗುತ್ತೆ. ರೆಟಿಕ್ಯುಲಿನ್‌ಗೆ ಎರಡು ತೆಳು ಪದರ, ಸಿಡಿ34, ಸಿಕೆ7, ಆ ಮೂರು ಪ್ರೊಟೀನ್‌ಗೆ ಮೂರು, ಎಲ್ಲ ಒಂದೇ ಸಲ ಕತ್ತರಿಸಿ ಇಟ್ಟುಕೊಳ್ಳೋಕೆ ಹೇಳಬೇಕು, ಗ್ಲಿಪಿಕಾನ್ ಬಾಟಲಿಯಲ್ಲಿ ಎಷ್ಟಿದೆಯೋ...