ಮ್ಯೋಲ್ನಿರ್‌ನ ಬಿರುಕಲ್ಲಿ ಕೊನೆಗೂ ಸರಿಯಾಗಿ ಬೆಳಕು ಬಂತು

ಬಂತು ಮಾರಾಯ್ರೆ! ಕಾಸ್‌ಪ್ಲೇಗೆ, ಅಂದ್ರೆ ಕಾಮಿಕ್ಸ್-ಸಿನಿಮಾ ಪಾತ್ರದ ವೇಷ ಕಟ್ಲಿಕ್ಕೆ, ನಾನು ಮಾಡ್ತಿರುವ ಮ್ಯೋಲ್ನಿರ್ (ಮಾರ್ವೆಲ್ ಕಥೆಯ ಥಾರ್‌ನ ಸುತ್ತಿಗೆ) ಉಂಟಲ್ಲ, ಅದರ ಬಿರುಕಿನ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಬೆಳಕು, ಎಲ್ಲೂ ಚುಕ್ಕಿ ಇಲ್ಲ, ಎಲ್ಲೂ ಲೀಕ್ ಇಲ್ಲ. ಥಾರ್‌ನ ಪ್ರೇಮಿಯಾಗಿದ್ದು ಮುಂದೆ ತಾನೇ ಥಾರ್ ಆಗುವ ಜೇನ್ ಫಾಸ್ಟರ್ ವೇಷದ ಎದೆಕವಚ, ರೆಕ್ಕೆಯ ಹೆಲ್ಮೆಟ್, ಕೆಂಪು ಕೇಪ್ ಎಲ್ಲ ಮುಗಿದು ಕಪಾಟಿನ ಮೇಲೆ ಕೂತು ತುಂಬಾ ಸಮಯ ಆಯ್ತು, ಅದರ ಬಗ್ಗೆ ಹೊಸದಾಗಿ ಹೇಳ್ಲಿಕ್ಕೆ ಎಂತದೂ ಇಲ್ಲ, ಪ್ಯಾಟರ್ನ್ ಕಟ್ ಮಾಡುದು, ಹೀಟ್ ಗನ್ ಹಿಡಿಯುದು, ಪ್ರೈಮರ್ ಹೊಡೆಯುದು ಎಲ್ಲ ನಿಮಗೂ ಗೊತ್ತಿದ್ದದ್ದೇ. ಇವತ್ತು ಬರೀ ಸುತ್ತಿಗೆ, ಅದರಲ್ಲೂ ಬರೀ ಬಿರುಕು.

ತಮ್ಮ ಕೇಳಿದ, "ಅಕ್ಕ, ಪೇಂಟಲ್ಲಿ ನಾಲ್ಕು ನೀಲಿ ಗೆರೆ ಎಳೆದ್ರೆ ಆಗುದಿಲ್ವಾ?" ಅಂತ. ಆಗುದಿಲ್ಲ ಮಾರಾಯ. ಸಿನಿಮಾದಲ್ಲಿ ಈ ಸುತ್ತಿಗೆ ಥಾರ್‌ನದ್ದಲ್ಲ, ಜೇನ್‌ದು ಅಂತ ಹೇಳುದೇ ಆ ಬಿರುಕು. 2014ರಲ್ಲಿ ಜೇಸನ್ ಆರನ್ ಬರೆದು ರಸೆಲ್ ಡಾಟರ್‌ಮನ್ ಚಿತ್ರ ಮಾಡಿದ ಕಾಮಿಕ್ಸಲ್ಲಿ ಒಬ್ಬಳು ಮುಖ ಮುಚ್ಚಿಕೊಂಡು ಆ ಸುತ್ತಿಗೆ ಎತ್ತಿದಳಲ್ಲ, ಅವಳು ಜೇನ್ ಅಂತ ಗೊತ್ತಾದದ್ದು 2015ರಲ್ಲಿ, ಆ ಕಾಮಿಕ್ಸಲ್ಲಿ ಸುತ್ತಿಗೆಗೆ ಏನೂ ಆಗಿರ್ಲಿಲ್ಲ, ಇಡಿಯಾಗೇ ಇತ್ತು. ಹಳೆ ಥಾರ್ ಹೆಸರನ್ನೂ ಅವಳಿಗೇ ಬಿಟ್ಟುಕೊಟ್ಟು ತಾನು ಬರೀ ಓಡಿನ್‌ಸನ್ ಅಂತ ಆಗ್ತಾನೆ. ಸಂಚಿಕೆಯಿಂದ ಸಂಚಿಕೆಗೆ ನಿಧಾನಕ್ಕೆ ಒಬ್ಬನ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುದು ಕಾಣ್ತದೆ.

ಸಿನಿಮಾದಲ್ಲಿ ಅದಕ್ಕೆ ಟೈಮೇ ಇಲ್ಲ. 2017ರ ಥಾರ್: ರಾಗ್ನರಾಕ್‌ನಲ್ಲಿ ಥಾರ್‌ನ ಅಕ್ಕ ಹೇಲಾ ಬರಿಗೈಯಲ್ಲಿ ಹಿಸುಕಿ ಸುತ್ತಿಗೆ ಪುಡಿ ಮಾಡಿದ್ಲು, 2022ರ ಥಾರ್: ಲವ್ ಆ್ಯಂಡ್ ಥಂಡರ್‌ಗೆ ಬರುವಾಗ ಆ ಚೂರುಗಳು ಥಾರ್‌ನ ಜನ ಭೂಮಿಯಲ್ಲಿ ಕಟ್ಟಿಕೊಂಡ ಊರು ನ್ಯೂ ಆಸ್‌ಗಾರ್ಡ್‌ನಲ್ಲಿ ಟೂರಿಸ್ಟ್‌ಗಳು ನೋಡ್ಲಿಕ್ಕೆ ಇಟ್ಟ ವಸ್ತು. ಕ್ಯಾನ್ಸರ್ ನಾಲ್ಕನೇ ಸ್ಟೇಜಲ್ಲಿರುವ ಜೇನ್ ಅದರ ಎದುರು ಬಂದು ನಿಲ್ತಾಳೆ, ಚೂರುಗಳಲ್ಲಿ ಜೀವ ಬಂದ ಹಾಗೆ ಆಗ್ತದೆ, ಅಲ್ಲಿಗೆ ಸೀನ್ ಕಟ್. ಮುಂದೆ ಅವಳನ್ನು ನೋಡುವಾಗ ಫುಲ್ ವೇಷದಲ್ಲಿ ಯುದ್ಧದ ಮಧ್ಯೆ ಇದ್ದಾಳೆ. ಚೂರುಗಳು ಅವಳ ಕೈಯಲ್ಲಿ ಒಂದಾದ ಆ ಕ್ಷಣ ಎಲ್ಲಿ? ತೋರಿಸ್ಲೇ ಇಲ್ಲ! ಥಾರ್ ಹಿಂದೆ ಪ್ರೀತಿಯಲ್ಲಿದ್ದಾಗ ಜೇನ್‌ನ ಕಾಯಬೇಕು ಅಂತ ಸುತ್ತಿಗೆಗೆ ಹೇಳಿದ್ದ ಅಂತ ಕಾರಣ ಕೊಟ್ಟಿದ್ದಾರೆ, ಸರಿ, ಆದ್ರೆ ನನಗೆ ಕಾರಣ ಬೇಡ, ಅವಳು ಹಿಡಿದದ್ದು ಕಾಣ್ಬೇಕಿತ್ತು. ಇಡೀ ಸಿನಿಮಾದಲ್ಲಿ ಆ ಹಸ್ತಾಂತರಕ್ಕೆ ಉಳಿದ ಒಂದೇ ಸಾಕ್ಷಿ ಅಂದ್ರೆ ಸುತ್ತಿಗೆ ಮೈಮೇಲಿನ ಬಿರುಕುಗಳು, ಒಳಗಿಂದ ಬರುವ ಆ ನೀಲಿ ಮಿಶ್ರಿತ ಬಿಳಿ ಬೆಳಕು. ಹಾಗಾಗಿ ಇದನ್ನು ಗೆರೆ ಎಳೆದು ಮುಗಿಸ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಚೂರುಗಳು ನಿಜವಾಗಿ ಬೇರೆ ಬೇರೆ ಇರ್ಬೇಕು, ಬೆಳಕು ಅವನ್ನು ಹಿಡಿದು ನಿಲ್ಲಿಸಿದ ಹಾಗೆ ಕಾಣ್ಬೇಕು.

ಈಗ ಗೋಳು. ಎಲ್ಲರೂ ಮಾಡುವ ದಾರಿ ಅಂದ್ರೆ 10 ಎಂಎಂ ಫೋಮಲ್ಲಿ ಸೀಳು ಕೊರೆದು ಹಿಂದೆ ಎಲ್‌ಇಡಿ ಸ್ಟ್ರಿಪ್ ಅಂಟಿಸುದು. ಮೀಟರಿಗೆ 60 ಎಲ್‌ಇಡಿ ಇರುವ ಡಬ್ಲ್ಯೂಎಸ್ 2812ಬಿ (ಪ್ರತಿ ಎಲ್‌ಇಡಿಯನ್ನೂ ಕೋಡಲ್ಲಿ ಬೇರೆ ಬೇರೆ ನಡೆಸ್ಲಿಕ್ಕೆ ಆಗುವ) ಸ್ಟ್ರಿಪ್‌ನಲ್ಲಿ ಒಂದರಿಂದ ಒಂದಕ್ಕೆ ಹತ್ರಹತ್ರ 17 ಎಂಎಂ ದೂರ, ಬಿರುಕಿನ ಅಗಲ 3 ಎಂಎಂ, ಆನ್ ಮಾಡಿದ್ರೆ ಸಾಲಾಗಿ ಚುಕ್ಕಿ ಚುಕ್ಕಿ, ಸಿಡಿಲೂ ಅಲ್ಲ ಮಣ್ಣೂ ಅಲ್ಲ, ನೇಮೋತ್ಸವದ ಸೀರಿಯಲ್ ಸೆಟ್. 144ರ ಸ್ಟ್ರಿಪ್ ಆದ್ರೆ ದೂರ 7 ಎಂಎಂಗೆ ಇಳಿತದೆ ಅಂತ ಅದನ್ನು ಆನ್‌ಲೈನಲ್ಲಿ ತರಿಸಿದೆ, ಪ್ಯಾಕೆಟ್ ಮೇಲೆ 144, ಒಳಗೆ 60! ವಾಪಸ್ ಕಳಿಸ್ತೇನೆ ಅಂದ್ರೆ ಫೋಟೋ ಕಳಿಸಿ ಅಂದ್ರು, ಕಳಿಸಿದೆ, ವಿಡಿಯೋ ಕಳಿಸಿ ಅಂದ್ರು, ಅದೂ ಕಳಿಸಿದೆ, ಆಮೇಲೆ ರಿಪ್ಲೈಯೇ ಇಲ್ಲ. ಫೋಮ್ ಕೊಟ್ಟವರ ಕಥೆಯೂ ಹಾಗೇ, 10 ಎಂಎಂ ಅಂತ ಬಂದ ಶೀಟ್ ಒಂದು ಅಂಚಲ್ಲಿ 10, ಇನ್ನೊಂದು ಅಂಚಲ್ಲಿ 8. ಕಡೆಗೆ ಮಂಗಳೂರಿನ ಹಂಪನಕಟ್ಟೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಣ್ಣಿನ ಎದುರೇ ಎಣಿಸಿ ತಂದೆ, ಹಾಗೆ ತಂದ 144ರಲ್ಲೂ ಚುಕ್ಕಿ ಹೋಗ್ಲಿಲ್ಲ, ಸಣ್ಣದಾಯ್ತು ಅಷ್ಟೆ.

ಬಿರುಕಿಗೆ ಹಾಟ್ ಗ್ಲೂ ತುಂಬಿಸಿ ನೋಡಿದೆ, ಬೆಳಕು ಹರಡ್ತದೆ, ಆದ್ರೆ ಗ್ಲೂ ದಪ್ಪ ಇದ್ದಲ್ಲಿ ಮಂಕು, ತೆಳು ಇದ್ದಲ್ಲಿ ಕಣ್ಣಿಗೆ ಕುಕ್ಕುದು. ಎಪಾಕ್ಸಿ ಹಾಕಿದೆ, ನಮ್ಮ ಜುಲೈ ಮಳೆ ಗೊತ್ತುಂಟಲ್ಲ, ಗೋಡೆಯೇ ಬೆವರುವ ಟೈಮಲ್ಲಿ ಎಪಾಕ್ಸಿ ಮೇಲೆ ಜಿಡ್ಡು ಜಿಡ್ಡು ಪದರ ಕೂತು ಮಬ್ಬಾಯ್ತು. ಬೆಂಗಳೂರಲ್ಲಿ ಕೂತು ವಿಡಿಯೋ ಮಾಡುವವರಿಗೆ ಕರಾವಳಿಯ ಈ ಕಷ್ಟ ಗೊತ್ತೇ ಇಲ್ಲ.

ಪರಿಹಾರ ಸಿಕ್ಕಿದ್ದು ಅಟ್ಟದಲ್ಲಿ. ದೀಪಾವಳಿಗೆ ಮಾಡಿದ ಗೂಡುದೀಪ ಅಲ್ಲಿ ನೇತಾಡ್ತಿತ್ತು. ಗೂಡುದೀಪದಲ್ಲಿ ಬಲ್ಬನ್ನು ಯಾರಾದ್ರೂ ಕಾಗದಕ್ಕೆ ತಾಗಿಸಿ ಕಟ್ತಾರಾ? ನಡುವಲ್ಲಿ ಇಳಿಬಿಡುದಲ್ವಾ, ಅದಕ್ಕೇ ನಾಲ್ಕೂ ಬದಿ ಸಮ ಬೆಳಗ್ತದೆ. ಬಿರುಕಿಗೊಂದು ಲೈಟ್ ಕೊಡುದೇ ಬೇಡ, ಸುತ್ತಿಗೆ ಇಡೀ ಒಂದು ಗೂಡುದೀಪ ಆಗ್ಲಿ, ಮೇಲಿಂದ ಒಡೆದ ಹಾಗೆ ಕೊರೆದ ಫೋಮ್ ಚೂರು ಅಂಟಿಸಿದ್ರೆ ಸಂದಿಯೇ ಬಿರುಕು!

ಒಳಗಿನ ಪೆಟ್ಟಿಗೆಗೆ 3 ಎಂಎಂ ಹಾಲುಬಿಳಿ ಅಕ್ರಿಲಿಕ್, ಅಂಗಡಿ ಬೋರ್ಡ್ ಮಾಡುವವರ ಹತ್ರ ತುಂಡುಗಳು ಕಡಿಮೆಗೆ ಸಿಗ್ತದೆ. ಗೀರಿ ಮುರಿದು ಕ್ಲೋರೋಫಾರ್ಮಲ್ಲಿ ಜೋಡಿಸಿದೆ (ಕಿಟಕಿ ತೆರೆದಿಡಿ, ದಯವಿಟ್ಟು). ನಡುವಲ್ಲಿ ಅರ್ಧ ಇಂಚಿನ ಪಿವಿಸಿ ಪೈಪ್, ಅದಕ್ಕೆ ಆ 60ರ ಸ್ಟ್ರಿಪ್ಪನ್ನೇ ಸುತ್ತಿದ್ದು, ಪೈಪಿಂದ ಅಕ್ರಿಲಿಕ್‌ಗೆ 4 ಸೆಂಟಿಮೀಟರ್ ಮೇಲೆ ದೂರ. ಎಲ್‌ಇಡಿಗಳ ನಡುವಿನ ದೂರಕ್ಕಿಂತ ಈ ದೂರ ಜಾಸ್ತಿ ಇದ್ರೆ ಚುಕ್ಕಿಗಳು ಒಂದರೊಳಗೊಂದು ಬೆರೆತು ಹೋಗ್ತದೆ, ಅಷ್ಟೇ ವಿಷಯ. 144 ಬೇಕೇ ಇರ್ಲಿಲ್ಲ!

ಚೂರುಗಳನ್ನು ಮೊದಲು ಕಾಗದದಲ್ಲಿ ಬರೆದೆ, ಒಂದು ಮೂಲೆಗೆ ಪೆಟ್ಟು ಬಿದ್ದು ಅಲ್ಲಿಂದ ಬಿರುಕು ಕವಲೊಡೆದ ಹಾಗೆ, ಒಂದು ಮುಖದಲ್ಲಿ ಮುಗಿದ ಗೆರೆ ಪಕ್ಕದ ಮುಖದಲ್ಲಿ ಮುಂದುವರಿಬೇಕು, ಇಲ್ಲಾಂದ್ರೆ ಒಡೆದದ್ದು ಅಂತ ಕಣ್ಣು ನಂಬುದಿಲ್ಲ. ಪ್ರತಿ ಚೂರಿನ ಹಿಂಬದಿಗೆ ಅಲ್ಯೂಮಿನಿಯಂ ಟೇಪ್, ಬೆಳಕು ಲೀಕ್ ಆಗುದಕ್ಕೆ ಅದೇ ಮದ್ದು. ಸಂದಿ ಸಮ ಬರ್ಲಿಕ್ಕೆ ಟೈಲ್ಸ್ ಹಾಕುವವರ 3 ಎಂಎಂ ಸ್ಪೇಸರ್ ಇಟ್ಟು ಅಂಟಿಸಿದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಯಾಕೆಟಲ್ಲಿ ಸಿಗ್ತದೆ, ಚಿನ್ನದಂಥ ವಸ್ತು. ರಬ್ಬರ್ ಗಮ್ ಹಚ್ಚುವ ಮೊದಲೂ ಹಚ್ಚಿದ ಮೇಲೂ ಹೀಟ್ ಗನ್ ತೋರಿಸಿ, ಮಳೆಗಾಲದಲ್ಲಿ ಸಾಲ್ವೆಂಟ್ ಹಾರುವಾಗ ತಣ್ಣಗಾಗಿ ಗಮ್ಮಿನ ಮೇಲೆ ನೀರಿನ ಪಸೆ ಕೂತುಬಿಡ್ತದೆ, ಆಮೇಲೆ ಎಷ್ಟು ಒತ್ತಿದ್ರೂ ಹಿಡಿಯುದಿಲ್ಲ.

ಕರೆಂಟಿನ ವಿಷಯ ಬೇಗ ಹೇಳ್ತೇನೆ. ಒಂದು ಎಲ್‌ಇಡಿ ಫುಲ್ ಬಿಳಿಯಲ್ಲಿ 60 ಮಿಲಿಆಂಪ್ ವರೆಗೆ ಎಳಿತದೆ, 40 ಇದ್ರೆ 2.4 ಆಂಪ್, ಸಣ್ಣ ಪವರ್ ಬ್ಯಾಂಕ್ ಅಲ್ಲೇ ಸತ್ತುಹೋಗ್ತದೆ. ಎಲ್‌ಇಡಿ ನಡೆಸುವ ಕೋಡಿಗೆ ಬಳಸುವ ಫಾಸ್ಟ್‌ಎಲ್‌ಇಡಿ ಲೈಬ್ರರಿಯಲ್ಲಿ ಕರೆಂಟಿಗೆ ಮಿತಿ ಹಾಕುವ ಫಂಕ್ಷನ್ ಉಂಟು, ಹಾಕಿಬಿಡಿ. ಬೆಳಕು ಏರಿ ಇಳಿಯುವ ಹಾಗೆ ಕೋಡ್ ಮಾಡಿದ್ದೇನೆ, ಕತ್ತಲಲ್ಲಿ ಎತ್ತಿ ಹಿಡಿದ್ರೆ ಚೂರುಗಳು ಒಂದರಿಂದ ಒಂದು ಬಿಟ್ಟು ನಿಂತ ಹಾಗೇ ಕಾಣ್ತದೆ. ತಮ್ಮ ಈಗ ಸುಮ್ಮನಾಗಿದ್ದಾನೆ, ಅವನಿಗೂ ಒಂದು ಬೇಕಂತೆ.

ಇದರ ಮಧ್ಯೆಯೇ ತಲೆಯಲ್ಲಿ ಮುಂದಿನದ್ದು ಶುರುವಾಗಿದೆ, ಶೂರಿಯ ಬ್ಲ್ಯಾಕ್ ಪ್ಯಾಂಥರ್, ಮಾರ್ವೆಲ್ ಕಥೆಯ ವಕಾಂಡಾ ದೇಶ ಕಾಯುವ ವೀರನ ವೇಷ. ಕಾಮಿಕ್ಸಲ್ಲಿ ಅವಳು 2009ರಲ್ಲೇ ಪ್ಯಾಂಥರ್ ಆದವಳು, ಆದ್ರೆ ಸಿನಿಮಾದಲ್ಲಿ ಪ್ಯಾಂಥರ್ ಆಗಿದ್ದ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಹೋದ ಮೇಲೆ ಆ ಪಾತ್ರಕ್ಕೆ ಬೇರೆ ನಟನನ್ನು ಹಾಕದೆ 2022ರ ವಕಾಂಡಾ ಫಾರೆವರ್‌ನಲ್ಲಿ ಆ ಪಾತ್ರದ ತಂಗಿ ಶೂರಿಯ ಕೈಗೆ ಕೊಟ್ಟ ರೀತಿ ಉಂಟಲ್ಲ, ಹಸ್ತಾಂತರ ಅಂದ್ರೆ ಅದು. ಪ್ಯಾಂಥರ್‌ಗೆ ಶಕ್ತಿ ಕೊಡುವ, ಸುಟ್ಟುಹೋದ ಗಿಡವನ್ನು ಅವಳೇ ಲ್ಯಾಬಲ್ಲಿ ಹೊಸತಾಗಿ ಮಾಡ್ಬೇಕು, ಕುಡಿಬೇಕು, ಎದುರಿಗೆ ಯಾರು ಬರ್ತಾರೆ ಅಂತ ನೋಡ್ಬೇಕು, ಆಮೇಲೆ ಸೂಟ್. ಎಲ್ಲವೂ ನಮ್ಮ ಕಣ್ಣೆದುರೇ ಆಗ್ತದೆ. ಕ್ಯಾಪ್ಟನ್ ಮಾರ್ವೆಲ್‌ನಲ್ಲಿ ಇದರ ಉಲ್ಟಾ, ಕಾಮಿಕ್ಸಲ್ಲಿ ಗಂಡಸಾಗಿದ್ದ, ಮೊದಲು ಕ್ಯಾಪ್ಟನ್ ಮಾರ್ವೆಲ್ ಆಗಿದ್ದ ಮಾರ್-ವೆಲ್‌ನನ್ನೇ 2019ರ ಸಿನಿಮಾದಲ್ಲಿ ಹೆಂಗಸು ಮಾಡಿ, ಅವನಿಂದ ಈಗಿನ ಕ್ಯಾಪ್ಟನ್ ಮಾರ್ವೆಲ್ ಕ್ಯಾರಲ್‌ಗೆ ಅನ್ನುವ ವಿಷಯವನ್ನೇ ತೆಗೆದುಬಿಟ್ರು. ನನಗೆ ಅದು ಒಪ್ಪಿಗೆ ಇಲ್ಲ. ಮೊದಲು ಬೇರೆಯವರದ್ದಾಗಿತ್ತು ಅಂತ ಗೊತ್ತಿದ್ರೇ ಅಲ್ವಾ ಅವಳು ಅದನ್ನು ತನ್ನದು ಮಾಡಿಕೊಂಡದ್ದು ಗೊತ್ತಾಗುದು?

ಇನ್ನು "ಲೇಡಿ ಥಾರ್ ಮಾಡ್ತಿದ್ದೀಯಾ" ಅಂತ ಕೇಳುವವರಿಗೆ ಒಂದು ಮಾತು. ನಮ್ಮೂರಿನ ಮಹಿಳಾ ಯಕ್ಷಗಾನ ತಂಡದ ಆಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿ ಕರ್ಣ ರಂಗಕ್ಕೆ ಬಂದ್ರೆ ಅವ ಕರ್ಣ, ಬೆಳಗ್ಗೆವರೆಗೂ ಕರ್ಣನೇ. ಗಂಡಸರು ಸ್ತ್ರೀವೇಷ ಕಟ್ಟಿದ್ರೂ ದ್ರೌಪದಿ ದ್ರೌಪದಿಯೇ. ಇದನ್ನು ಚಿಕ್ಕಂದಿನಿಂದ ಗದ್ದೆಯಲ್ಲಿ ಚಾಪೆ ಹಾಕಿ ನೋಡಿ ಬೆಳೆದ ಜನ ನಾವು, ಸುತ್ತಿಗೆ ಹಿಡಿದವಳನ್ನು ಥಾರ್ ಅನ್ಲಿಕ್ಕೆ ನಮಗೆ ಎಂತ ಕಷ್ಟ?

ಶೂರಿಯ ಸೂಟಲ್ಲಿ ಚಿನ್ನದ ಬಣ್ಣ, ಬೆಳ್ಳಿ ಬಣ್ಣ ಎರಡೂ ಉಂಟು, ಬ್ಲ್ಯಾಕ್ ಪ್ಯಾಂಥರ್‌ನ ಎರಡೂ ಸಿನಿಮಾದ ವೇಷಕ್ಕೆ ಆಸ್ಕರ್ ತಗೊಂಡ ರೂತ್ ಕಾರ್ಟರ್ ಕೆಲಸ ಅದು, ಹತ್ತಿರದಿಂದ ನೋಡಿದ್ರೆ ತಲೆ ತಿರುಗ್ತದೆ. ನನಗೆ ಸದ್ಯದ ಚಿಂತೆ ಮಾಸ್ಕಿನ ಕಣ್ಣು. ಇಲ್ಲಿನ ಸೆಕೆಗೆ ಲೆನ್ಸ್ ಒಳಗೆ ಹಬೆ ಹಿಡಿಯುದು ಗ್ಯಾರಂಟಿ, ಸಣ್ಣ ಫ್ಯಾನ್ ಕೂರಿಸಿದವರು ಇದ್ರೆ ಎಲ್ಲಿ ಕೂರಿಸಿದ್ರಿ, ಸದ್ದು ಎಷ್ಟು ಬರ್ತದೆ ಹೇಳಿ.

ಸುತ್ತಿಗೆಗೆ ಇನ್ನು ಬಾಕಿ ಹಿಡಿಯ ಚರ್ಮದ ಸುತ್ತು, ಸ್ವಿಚ್ಚು, ಮತ್ತೆ ತೂಕ. ಅಕ್ರಿಲಿಕ್ ಪೆಟ್ಟಿಗೆಯೇ ಸುಮಾರು ಅರ್ಧ ಕಿಲೋ, ಪವರ್ ಬ್ಯಾಂಕ್ ತಲೆಯೊಳಗೆ ಇಟ್ರೆ ಬೆಂಗಳೂರು ಕಾಮಿಕ್ ಕಾನ್ ಮೇಳದಲ್ಲಿ ಇಡೀ ದಿನ ಎತ್ತಿ ಹಿಡಿಲಿಕ್ಕೆ ಕೈ ಸೋಲ್ತದೆ. ಹಿಡಿಯ ಪೈಪೊಳಗೆ ಎರಡು ಉದ್ದದ ಸೆಲ್ ಕೂರ್ತದಾ ಅಂತ ನೋಡ್ತಿದ್ದೇನೆ, ಕೂತ್ರೆ ಸ್ವಿಚ್ಚೂ ಅಲ್ಲೇ ಚರ್ಮದ ಅಡಿಗೆ ಹಾಕ್ತೇನೆ.