ಮಾತಾಡದೆ ಇರುವಾಗ ಏನು ಮಾಡ್ತಾರೆ, ಅದನ್ನ ನೋಡಿ

ಹೊಸತೊಡಕಿನ ಊಟ ಮುಗಿದ ಮೇಲೆ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ ಪ್ರತಿ ವರ್ಷ ಒಂದು ವಾದ ಎದ್ದೇ ಏಳುತ್ತದೆ. ಒಂದು ವರ್ಷ ರಾಜಕೀಯ, ಒಂದು ವರ್ಷ ಕ್ರಿಕೆಟ್. ಈ ಸಲ ಸಿನಿಮಾ. ಶುರು ಮಾಡಿದ್ದು ಚಿಕ್ಕಪ್ಪನ ಮಗ, ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ಎಲೆ ಅಡಿಕೆ ತಟ್ಟೆ ಪಕ್ಕ ಒರಗಿಕೊಂಡು ಫೋನ್ ನೋಡ್ತಾ ಇದ್ದವನು ತಲೆ ಎತ್ತಿ, "ಅಭಿಮಾನ ಪಕ್ಕಕ್ಕಿಟ್ಟು ಹೇಳಿ, ಗ್ರೇಟ್ ಆಕ್ಟರ್ ಅಂತ ಯಾರನ್ನ ಕರೀಬಹುದು? ಯಾಕೆ?" ಅಂದ.

ಯಾರು ಅನ್ನೋದಕ್ಕೆ ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಅಣ್ಣಾವ್ರು. ಯಾಕೆ ಅನ್ನೋದು ಬಂದಾಗ ಮಾತು ತಡವರಿಸಿತು. ಇನ್ನೂರಕ್ಕೂ ಜಾಸ್ತಿ ಸಿನಿಮಾ ಅಂದರು. 1995ರಲ್ಲಿ ಫಾಲ್ಕೆ ಪ್ರಶಸ್ತಿ ಅಂದರು. ಹುಡುಗ ಬಿಡಲಿಲ್ಲ. ಸಂಖ್ಯೆಯಿಂದ ಏನಾಗುತ್ತೆ, ಪ್ರಶಸ್ತಿಯಿಂದ ಏನಾಗುತ್ತೆ ಅಂತ ಕೇಳಿದ. ನಾನು ಒಳಗೆ ಪಾತ್ರೆ ಒರೆಸಿಡ್ತಾ ಇದ್ದವಳು ಹೊರಗೆ ಬಂದು ಕೂತೆ, ಯಾಕಂದ್ರೆ ಈ ವಿಷಯ ನನ್ನ ತಲೆಯಲ್ಲಿ ತುಂಬಾ ವರ್ಷದಿಂದ ಇದೆ.

ಪ್ರಶಸ್ತಿ ವಿಷಯದಲ್ಲಿ ಹುಡುಗನ ಮಾತು ಸರಿ. ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅವರಿಗೆ ಬಂದ ರಾಷ್ಟ್ರ ಪ್ರಶಸ್ತಿ ಹಾಡಿದ್ದಕ್ಕೆ, 'ಜೀವನ ಚೈತ್ರ'ದ 'ನಾದಮಯ'ಕ್ಕೆ. ಕನ್ನಡ ಸಿನಿಮಾದಿಂದ ಆ ನಟ ಪ್ರಶಸ್ತಿ ಮೊದಲು ಬಂದದ್ದು ಎಂ.ವಿ. ವಾಸುದೇವರಾವ್ ಅವರಿಗೆ, 1975ರ 'ಚೋಮನ ದುಡಿ'ಗೆ. ಜಗಲಿಯಲ್ಲಿ ಕೂತಿದ್ದ ಹುಡುಗರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ, ಆದರೆ ನನಗೆ ಬೇಜಾರಾಯಿತು.

ಆಮೇಲೆ ಹುಡುಗ ತನ್ನ ಅಳತೆಗೋಲು ತೆಗೆದ. ಪಾತ್ರಕ್ಕೆ ಇಪ್ಪತ್ತು ಕೆಜಿ ಇಳಿಸಬೇಕು, ಏರಿಸಬೇಕು, ತಿಂಗಳುಗಟ್ಟಲೆ ಪಾತ್ರದಲ್ಲೇ ಬದುಕಬೇಕು, ಒಂದು ಸಿನಿಮಾದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರಬಾರದು. ಇದನ್ನ ನಾನು ತಳ್ಳಿ ಹಾಕಲ್ಲ. ಶ್ರಮ ಶ್ರಮವೇ. ಆದರೆ ತೂಕ ಇಳಿಸಿಕೊಂಡು ಬಂದ ನಟ ಕ್ಯಾಮೆರಾ ಮುಂದೆ ನಿಂತ ಮೇಲೆ, ಎದುರಿನವರು ಮಾತಾಡುವಾಗ ಏನು ಮಾಡ್ತಾರೆ? ನನಗೆ ಬೇಕಾದ ಉತ್ತರ ಅಲ್ಲಿದೆ.

ಇದನ್ನ ನನಗೆ ಕಲಿಸಿದ್ದು ನಮ್ಮ ಅಜ್ಜಿ.

ಅಜ್ಜಿಗೆ ಕೊನೆಯ ಹತ್ತು ವರ್ಷ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಭಾನುವಾರ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬಂದರೆ ತಪ್ಪಿಸುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮೊರದಲ್ಲಿ ಅಕ್ಕಿ ಆರಿಸುತ್ತಾ ನೋಡುತ್ತಿದ್ದರು. ಮೊದಮೊದಲು ನಾವು ಕಿವಿ ಹತ್ತಿರ ಕೂಗಿ ಕಥೆ ಹೇಳುತ್ತಿದ್ದೆವು. ಸ್ವಲ್ಪ ದಿನದಲ್ಲೇ, ಸುಮ್ನೆ ಇರ್ರೇ, ನನಗೆ ಕಾಣ್ತದೆ ಅಂತ ಕೈ ಬೀಸಿ ತಳ್ಳಿಬಿಟ್ಟರು. ಅವರಿಗೆ ನಿಜವಾಗಲೂ ಕಾಣುತ್ತಿತ್ತು. ಮಾತು ಕೇಳದೆ ಬರೀ ಮುಖ ನೋಡಿ ಯಾರು ಯಾರಿಗೆ ಏನು ಅಂದರು ಅಂತ ಹೇಳುತ್ತಿದ್ದರು, ಹೆಚ್ಚು ಕಡಿಮೆ ಸರಿಯಾಗೇ ಇರುತ್ತಿತ್ತು. ಅವರದ್ದೇ ಒಂದು ತೀರ್ಪೂ ಇತ್ತು. ಕೆಲವು ಹೀರೋಗಳು ಪರದೆ ಮೇಲೆ ಬಂದರೆ "ಇವನು ಸರದಿ ಕಾಯೋನು" ಅಂದು ಅಕ್ಕಿ ಕಡೆಗೆ ಕಣ್ಣು ಹಾಕಿಬಿಡುತ್ತಿದ್ದರು. ಸೊಸೈಟಿ ಅಂಗಡಿ ಮುಂದೆ ಸೀಮೆಎಣ್ಣೆಗೆ ನಿಂತವರ ಹಾಗೆ, ಎದುರಿನವರ ಮಾತು ಯಾವಾಗ ಮುಗಿಯುತ್ತೋ, ನನ್ನ ಮಾತು ಯಾವಾಗ ಬರುತ್ತೋ ಅಂತ ಕಾಯುವ ನಟ. ಅದು ಕಿವಿ ಕೇಳುವ ನಮಗೆ ಗೊತ್ತಾಗುತ್ತಿರಲಿಲ್ಲ, ಯಾಕಂದ್ರೆ ನಾವು ಡೈಲಾಗ್ ಕೇಳುವುದರಲ್ಲಿ ಮುಳುಗಿರುತ್ತಿದ್ದೆವು.

ಅಜ್ಜಿ ಮೊರ ಕೆಳಗಿಟ್ಟು ನೋಡುತ್ತಿದ್ದ ನಟರಲ್ಲಿ ಮೊದಲನೆಯವರು ಬಾಲಕೃಷ್ಣ. ನಮಗೆಲ್ಲ ಬಾಲಣ್ಣ.

1911ರಲ್ಲಿ ಅರಸೀಕೆರೆಯಲ್ಲಿ ಹುಟ್ಟಿ, ನಾಟಕದಿಂದ ಸಿನಿಮಾಕ್ಕೆ ಬಂದು, ಐನೂರಕ್ಕೂ ಹೆಚ್ಚು ಚಿತ್ರ ಮಾಡಿದವರು. ಕುತಂತ್ರಿ, ಜಿಪುಣ, ಮೋಸಗಾರ, ಒಳ್ಳೆ ಮುದುಕ, ಎಲ್ಲ ಆಗಿದ್ದಾರೆ. 'ಬಂಗಾರದ ಮನುಷ್ಯ'ದಲ್ಲಿ ರಾಚೂಟಪ್ಪ ಅವರೇ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಅಜ್ಜಿ ಹೋದ ಮೇಲೆ, ಕಾಲೇಜಿನಲ್ಲಿದ್ದಾಗ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರಂತೆ. ಅದನ್ನ ಓದಿದ ದಿನ ಅಜ್ಜಿ ಮೊರ ಕೆಳಗಿಡುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು.

ಯೋಚನೆ ಮಾಡಿ. ತುಟಿ ನೋಡಿ ಮಾತು ಹಿಡಿಯುವ ನಟ ಎದುರಿನವರ ಮೇಲಿಂದ ಕಣ್ಣು ತೆಗೆಯುವ ಹಾಗೇ ಇಲ್ಲ. ತೆಗೆದರೆ ಮಾತಿನ ದಾರಿ ತಪ್ಪುತ್ತದೆ. ತನ್ನ ಮಾತು ಯಾವಾಗ ಅಂತ ತಿಳಿಯಬೇಕಾದರೆ ಅವರ ಮಾತು ಕೊನೆ ಅಕ್ಷರದ ತನಕ ನೋಡಲೇಬೇಕು. ಬಾಲಣ್ಣನ ಯಾವುದೇ ದೃಶ್ಯ ತೆಗೆದು ನೋಡಿ, ಅವರು ಫ್ರೇಮಿನ ಮೂಲೆಯಲ್ಲಿ ನಿಂತಿದ್ದರೂ ಗಮನ ಪೂರ್ತಿ ಎದುರಿನವರ ಮೇಲಿರುತ್ತದೆ, ಆ ಗಮನದಿಂದಲೇ ಎದುರಿನ ನಟನ ಮಾತಿಗೂ ತೂಕ ಬರುತ್ತದೆ. ಇದನ್ನ ಯಾವ ಪ್ರಶಸ್ತಿ ಸಮಿತಿ ಲೆಕ್ಕ ಹಾಕುತ್ತೆ ಹೇಳಿ.

ಜಗಲಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹುಡುಗ, "ಅಕ್ಕ, ಅಂದ್ರೆ ಕಮ್ಮಿ ಮಾಡಿದಷ್ಟು ಒಳ್ಳೆ ಆಕ್ಟಿಂಗ್ ಅಂತಾನಾ? ಹಳೇ ಕಾಲದವರೆಲ್ಲ ಓವರ್ ಮಾಡ್ತಿದ್ರು ಅಲ್ವಾ?" ಅಂದ. ನಾನು ಬಾಯಿ ಬಿಡುವ ಮೊದಲೇ ನಮ್ಮ ಅತ್ತೆ ಬಾಗಿಲ ಹತ್ತಿರದಿಂದ, "ಇಷ್ಟೊತ್ತಿಂದ ಕೇಳ್ತಾ ಇದೀನಿ, ಒಬ್ಬ ಹೆಂಗಸಿನ ಹೆಸರಾದ್ರೂ ತೆಗೆದ್ರಾ? ಕಲ್ಪನಾ ಎಲ್ಲಿ ಹೋದಳು?" ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನನಗೂ ನಾಚಿಕೆಯಾಯಿತು. ಶ್ರೇಷ್ಠ ನಟ ಅಂತ ಪ್ರಶ್ನೆ ಕೇಳಿದ ಕೂಡಲೇ ನಮ್ಮ ತಲೆಗೆ ಬರುವುದೆಲ್ಲ ಗಂಡಸರ ಹೆಸರು. ಪಂಡರಿಬಾಯಿ, ಲೀಲಾವತಿ, ಕಲ್ಪನಾ, ಜಯಂತಿ, ಉಮಾಶ್ರೀ, ಇವರನ್ನೆಲ್ಲ ಬೇರೆ ಪಟ್ಟಿಯಲ್ಲಿ ಇಟ್ಟುಬಿಟ್ಟಿದ್ದೇವೆ. ಇದು ಅನ್ಯಾಯ.

ಹುಡುಗನ ಪ್ರಶ್ನೆಗೂ ಉತ್ತರ ಕಲ್ಪನಾ ಅವರಲ್ಲೇ ಇದೆ. ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ', 1971ರದ್ದು, ತ್ರಿವೇಣಿಯವರ ಕಾದಂಬರಿ. ಅದರ ಕಾವೇರಿಯನ್ನ ನೋಡಿ ಯಾರೂ ಕಮ್ಮಿ ಅಭಿನಯ ಅನ್ನಲಾರರು. ಜೋರಾಗಿದೆ. ದನಿ ಏರುತ್ತದೆ, ಕಣ್ಣು ಅರಳುತ್ತದೆ, ಕೈ ಹಾರುತ್ತದೆ. ಆದರೆ ನನ್ನನ್ನ ಹಿಡಿದು ಕೂರಿಸುವುದು ಆ ಅಬ್ಬರದ ಹಿಂದಿನ ಭಾಗ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ಸುತ್ತಲಿನವರು ಅವಳ ಒಂದೊಂದು ನಗುವಿನಲ್ಲೂ ಹುಚ್ಚು ಹುಡುಕುತ್ತಾರೆ. ಅವಳಿಗೆ ಅದು ಗೊತ್ತಾಗುತ್ತಿದೆ. ಎಲ್ಲರ ನೋಟ ಒಂದೊಂದಾಗಿ ತಗುಲುತ್ತಾ ತಗುಲುತ್ತಾ ಒಳಗೆ ಸೇರುತ್ತದೆ, ಕೊನೆಗೆ ಹೊರಗೆ ಸಿಡಿಯುತ್ತದೆ. ಒಳಗೆ ಅಷ್ಟು ತೆಗೆದುಕೊಂಡವರಿಗೆ ಅಷ್ಟು ಜೋರಾಗಿ ಸಿಡಿಯುವ ಹಕ್ಕಿದೆ. ಏನೂ ತೆಗೆದುಕೊಳ್ಳದೆ ಸಿಡಿದರೆ ಅದು ಓವರ್ ಆಕ್ಟಿಂಗ್. ಏನೂ ತೆಗೆದುಕೊಳ್ಳದೆ ಸುಮ್ಮನೆ ಕಲ್ಲಿನ ಹಾಗೆ ನಿಂತರೆ ಅದೂ ಆಕ್ಟಿಂಗ್ ಅಲ್ಲ, ಈಗ ಅದನ್ನ ಕೆಲವರು ಸಹಜ ಅಭಿನಯ ಅಂತ ಹೊಗಳುತ್ತಾರೆ.

ಉಮಾಶ್ರೀ ಅವರ ವಿಷಯವೂ ಹೇಳಲೇಬೇಕು. ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸು' ಚಿತ್ರಕ್ಕೆ ಅವರಿಗೆ 2007ರ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಗುಲಾಬಿ ಸೂಲಗಿತ್ತಿ, ಸಿನಿಮಾ ಅಂದ್ರೆ ಪ್ರಾಣ. ಅಂದರೆ ಆ ಪಾತ್ರದ ದೊಡ್ಡ ಕೆಲಸವೇ ನೋಡುವುದು. ಪರದೆ ನೋಡುತ್ತಾ ಕೂತ ಹೆಂಗಸಿನ ಮುಖವನ್ನ ನಾವು ನೋಡುತ್ತಾ ಕೂರಬೇಕು, ಅದು ಬೇಜಾರಾಗಬಾರದು. ಎಷ್ಟೋ ವರ್ಷ ಹಾಸ್ಯ ಪಾತ್ರಗಳಲ್ಲೇ ಕಂಡಿದ್ದ ಅವರಿಂದ ಇಂಥದ್ದು ಬಂದಾಗ, ಇಷ್ಟು ದಿನ ಯಾಕೆ ಯಾರೂ ಕೇಳಲಿಲ್ಲ ಅನ್ನಿಸಿತು.

ಅನಂತ್ ನಾಗ್ ಬಗ್ಗೆ ಬರೆಯಲು ಬೇರೆ ಒಂದು ಲೇಖನವೇ ಬೇಕು, ಇಲ್ಲಿ ಒಂದೇ ಮಾತು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದ ವೆಂಕೋಬ್ ರಾವ್‌ಗೆ ಅಲ್‌ಜೈಮರ್ಸ್. ಎದುರಿನವರ ಮಾತು ಕೇಳುತ್ತದೆ, ಆದರೆ ಒಳಗೆ ನಿಲ್ಲುವುದಿಲ್ಲ. ಕೇಳಿಸಿಕೊಳ್ಳುವುದನ್ನ ಇಷ್ಟು ವರ್ಷ ರೂಢಿ ಮಾಡಿಕೊಂಡ ನಟ ಮಾತ್ರ, ಕೇಳಿದ್ದು ಕೈ ಜಾರುವುದನ್ನ ಹಾಗೆ ತೋರಿಸಬಲ್ಲರು.

ಈಗ ದೊಡ್ಡಪ್ಪನ ಅಣ್ಣಾವ್ರ ಕಡೆಗೆ ಬರುತ್ತೇನೆ. ದೊಡ್ಡಪ್ಪನ ಉತ್ತರ ನನಗೂ ಒಪ್ಪಿಗೆ. ಕಾರಣ ಮಾತ್ರ ಬೇರೆ.

ರಾಜ್‌ಕುಮಾರ್ ಕಂಪನಿ ನಾಟಕದಿಂದ ಬಂದವರು. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ಹೆಸರಾಂತ ನಟ. ಕೊನೆ ಸಾಲಿನವನಿಗೂ ಮಾತು ಮುಟ್ಟಬೇಕು ಅನ್ನುವ ತಾಲೀಮು ಅದು. 1954ರ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ನಾಯಕನಾಗಿ ಬಂದಾಗ ಆ ದೊಡ್ಡ ದನಿ, ದೊಡ್ಡ ಕೈಸನ್ನೆ ಎಲ್ಲ ಜೊತೆಗೇ ಬಂತು. ಅದನ್ನ ಅವರು ಬಿಸಾಡಲಿಲ್ಲ. ಬೇಕಾದ ಕಡೆ ಪೂರ್ತಿ ಬಿಚ್ಚಿದರು, ಬೇಡದ ಕಡೆ ಮಡಚಿಟ್ಟರು. 'ಬಭ್ರುವಾಹನ' ನೋಡಿ, 1977. ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಮಾತಿನಲ್ಲಿ, ಹಾಡಿನಲ್ಲಿ ಹೊಡೆದಾಡುತ್ತಾರೆ. ನಮ್ಮ ಊರ ಜಾತ್ರೆಯಲ್ಲಿ ಇವತ್ತಿಗೂ ಆ ಹಾಡು ಹಾಡದೆ ಆರ್ಕೆಸ್ಟ್ರಾ ಮುಗಿಯುವುದಿಲ್ಲ. ಎಲ್ಲರೂ ಹೊಗಳುವುದು ಆ ಕಂಚಿನ ಕಂಠವನ್ನ. ನಾನು ಪ್ರತಿ ಸಲ ನೋಡುವುದು ಒಬ್ಬ ಮಾತಾಡುವಾಗ ಇನ್ನೊಬ್ಬನ ಮುಖ. ಸೆಟ್‌ನಲ್ಲಿ ಎದುರಿಗೆ ಇನ್ನೊಬ್ಬ ರಾಜ್‌ಕುಮಾರ್ ಇರಲಿಲ್ಲವಲ್ಲ! ಬಾರದ ಮಾತನ್ನ ಬಂದ ಹಾಗೆ ಕೇಳಿಸಿಕೊಂಡು ಅವಮಾನ ನುಂಗಬೇಕು, ಆಮೇಲೆ ಅದೇ ಅವಮಾನ ಮಾಡುವವನಾಗಿ ಈ ಕಡೆ ಬಂದು ನಿಲ್ಲಬೇಕು. ಅದೂ ಅಪ್ಪನ ಸೊಕ್ಕು ಬೇರೆ, ಮಗನ ಸಿಟ್ಟು ಬೇರೆ ಅಂತ ತಿಳಿಯುವ ಹಾಗೆ.

ಅದೇ ಮನುಷ್ಯ 'ಕಸ್ತೂರಿ ನಿವಾಸ'ದಲ್ಲಿ ಹೇಗಿದ್ದಾರೆ ನೋಡಿ. 1971, ದೊರೈ-ಭಗವಾನ್ ನಿರ್ದೇಶನ. ಈ ಕಥೆ ಎಷ್ಟು ದೊಡ್ಡದು ಅಂದ್ರೆ ಆಮೇಲೆ ಹಿಂದಿಯಲ್ಲಿ ಸಂಜೀವ್ ಕುಮಾರ್ ಮಾಡಿದರು, ತಮಿಳಿನಲ್ಲಿ ಶಿವಾಜಿ ಗಣೇಶನ್ ಮಾಡಿದರು. ಮೂವರೂ ಘಟಾನುಘಟಿಗಳೇ. ಯಾರು ಮೇಲು ಅಂತ ಜಗಳಕ್ಕೆ ನಾನು ಇಳಿಯಲ್ಲ, ಆದರೆ ಆ ಪಾತ್ರ ಯಾರ ಮುಖದಲ್ಲಿ ನನ್ನೊಳಗೆ ಉಳಿದಿದೆ ಅಂದ್ರೆ ರಾಜ್ ಮುಖದಲ್ಲೇ.

ಜಗಲಿಯಲ್ಲಿ ಇದನ್ನ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ ಅನ್ನಿಸಿತು. ಹುಡುಗನಿಗೆ, ಫೋನ್ ಕೊಡು ಅಂದೆ. 'ಕಸ್ತೂರಿ ನಿವಾಸ' ಅವನು ನೋಡಿರಲಿಲ್ಲ. ಕೊನೆಯ ಭಾಗಕ್ಕೆ ಹೋಗಿ, ಸೌಂಡ್ ಪೂರ್ತಿ ತೆಗೆದು, ಅವನ ಕೈಗೆ ಕೊಟ್ಟೆ. ಕಥೆ ಏನೂ ಹೇಳಲಿಲ್ಲ. ದೊಡ್ಡಪ್ಪ ಮೆಲ್ಲಗೆ ಜರುಗಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅತ್ತೆಯೂ ಕಾಫಿ ಲೋಟ ಹಿಡಿದೇ ನಿಂತರು. ಬಿಸಿಲಿಗೆ ಫೋನಿನ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ, ಹುಡುಗ ಟವೆಲ್ ಮರೆ ಹಿಡಿದ.

ಎಲ್ಲ ಕಳೆದುಕೊಂಡಿರುವ ರವಿವರ್ಮ, ಅಂದರೆ ರಾಜ್. ಅವನ ಮನೆಗೆ ನೀಲಾ ಬಂದಿದ್ದಾಳೆ. ಜಯಂತಿ. ಊಟ ಆಗಿದೆ. ಆಮೇಲೆ ಅವಳು ಬಂದ ಕಾರಣ ಹೇಳುತ್ತಾಳೆ. ಕೇಳಿದವರಿಗೆ ಇಲ್ಲ ಅಂತ ಒಂದು ದಿನವೂ ಅನ್ನದ ಮನುಷ್ಯ ಅವಳ ಮಾತು ಕೇಳುತ್ತಿದ್ದಾನೆ.

ಹುಡುಗ ವಿಡಿಯೋ ನಿಲ್ಲಿಸಿದ. ಸ್ವಲ್ಪ ಹಿಂದಕ್ಕೆ ಎಳೆದು ಅದೇ ಜಾಗ ಇನ್ನೊಮ್ಮೆ ನೋಡಿದ, ಸೌಂಡ್ ಇಲ್ಲದೆಯೇ.

"ಅಕ್ಕ, ಆಯಮ್ಮ ಏನೋ ಕೇಳಬಾರದ್ದು ಕೇಳಿಬಿಟ್ಟಳು ಅಲ್ವಾ? ಏನು ಕೇಳಿದ್ದು?"

ನಾನು ಹೇಳಲಿಲ್ಲ. "ಪಾರಿವಾಳ" ಅಂದರು ದೊಡ್ಡಪ್ಪ. "ಮಗನಿಗೆ ಅಂತ ಕೇಳ್ತಾಳೆ ಕಣೋ. ಅವಳಿಗೆ ಊಟ ಹಾಕೋಕೆ ಅದನ್ನೇ ಮಾರಿ..." ಅಷ್ಟೇ. ಮುಂದಿನದನ್ನ ಅವರು ಹೇಳಲಿಲ್ಲ, ಹೆಗಲ ಮೇಲಿನ ಟವೆಲ್‌ಗೆ ಕೈ ಹಾಕಿದರು, ಅದು ಹುಡುಗನ ಹತ್ತಿರ ಇತ್ತು.